ಹನ್ನೆರಡನೆಯ ಅಕ್ಷರ: ಪಿಸಿಆರ್ ಪ್ರೈಮರ್ ವಿನ್ಯಾಸ ಮತ್ತು ಜೀನೋಮ್ ದತ್ತಸಂಚಯಗಳ ಕುರಿತು ಒಂದು ಟಿಪ್ಪಣಿ

ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ವೈರಾಣು ತಜ್ಞರು 2020ರ ಜನವರಿಯಲ್ಲಿ ಹೊಸ ಕೊರೊನಾ ವೈರಸ್ಸಿನ ಪತ್ತೆಗೆಂದು ಪ್ರಕಟಿಸಿದ ಪ್ರೈಮರುಗಳಲ್ಲಿ ಒಂದು ಆರ್‌ಡಿಆರ್‌ಪಿ ಜೀನಿನ ಹಿಮ್ಮುಖ ಪ್ರೈಮರ್. ಉದ್ದ 26 ಅಕ್ಷರ. ಅದರ ಹನ್ನೆರಡನೆಯ ಸ್ಥಾನದಲ್ಲಿ ಎ, ಟಿ, ಜಿ, ಸಿ ಯಾವುದೂ ಇಲ್ಲ, 'ಎಸ್' ಎಂದಿದೆ. ತಯಾರಿಸುವಾಗ ಆ ಜಾಗದಲ್ಲಿ ಅರ್ಧದಷ್ಟು ಅಣುಗಳಿಗೆ ಜಿ, ಉಳಿದರ್ಧಕ್ಕೆ ಸಿ ಸೇರಿಸಬೇಕೆಂಬ ಸೂಚನೆ ಅದು. ವೈರಸ್ಸಿನ ಉಲ್ಲೇಖ ಜೀನೋಮಿನಲ್ಲಿ ಇದಕ್ಕೆ ಎದುರಾಗುವ 15,519ನೆಯ ಸ್ಥಾನವನ್ನು ನೋಡಿದರೆ ಅಲ್ಲಿರುವುದು ಟಿ. ಅದರ ಜೊತೆ ಕೂಡಲು ಪ್ರೈಮರಿನಲ್ಲಿ ಎ ಇರಬೇಕಿತ್ತು. ಮೂರನೆಯ ಸ್ಥಾನದಲ್ಲಿಯೂ ಎ ಅಥವಾ ಜಿ ಎಂದು ಸೂಚಿಸುವ ಇಬ್ಬಗೆಯ ಅಕ್ಷರ ಇರುವುದರಿಂದ ಕೊಳವೆಯಲ್ಲಿ ಒಟ್ಟು ನಾಲ್ಕು ಬಗೆಯ ಅಣುಗಳು ಬೆರೆತಿರುತ್ತವೆ. ಆ ನಾಲ್ಕರಲ್ಲಿ ಒಂದಾದರೂ ಕೋವಿಡ್ ವೈರಸ್ಸಿಗೆ ಪೂರ್ತಿ ಹೊಂದುವುದಿಲ್ಲ.

ಅನುಭವಿಗಳ ಕೈಯಲ್ಲಿ ಇಂಥದ್ದು ಹೇಗಾಯಿತು ಎಂದು ಹುಡುಕಿದರೆ ಉತ್ತರ ಅವರ ಪ್ರಬಂಧದಲ್ಲಿಯೇ ಸಿಗುತ್ತದೆ. ಕೆಲಸ ಶುರುವಾದಾಗ ವೈರಸ್ಸಿನ ಜೀನೋಮ್ ಇನ್ನೂ ಹೊರಬಂದಿರಲಿಲ್ಲ. ಸಾರ್ಸ್ ಬಳಗದ ವೈರಸ್ ಎಂಬ ಸುದ್ದಿ ಮಾತ್ರ ಇತ್ತು. ಕೊರ್ಮನ್, ಡ್ರೋಸ್ಟನ್ ಮತ್ತು ಸಂಗಡಿಗರು 2020ರ ಜನವರಿ 1ರವರೆಗೆ ಜೆನ್‌ಬ್ಯಾಂಕಿನಲ್ಲಿದ್ದ ಸಾರ್ಸ್ ಸಂಬಂಧಿ ವೈರಸ್‌ಗಳ 729 ನಮೂದುಗಳನ್ನು ಇಳಿಸಿಕೊಂಡರು. ಪ್ರಯೋಗಾಲಯದಲ್ಲಿ ಕೃತಕವಾಗಿ ಕಟ್ಟಿದ ಅನುಕ್ರಮಗಳನ್ನೂ ಒಂದೇ ಅನುಕ್ರಮದ ನಕಲುಗಳನ್ನೂ ಕಣ್ಣಿಟ್ಟು ನೋಡಿ ತೆಗೆದ ಮೇಲೆ ಉಳಿದವು 375. ಪ್ರೈಮರುಗಳನ್ನು ಹೆಣೆದದ್ದು ಈ 375ರ ಮೇಲೆ. ವುಹಾನಿನ ಜೀನೋಮ್ ಸಾರ್ವಜನಿಕವಾದದ್ದು ಜನವರಿ 10–11ರ ಹೊತ್ತಿಗೆ, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಪರೀಕ್ಷಾ ವಿಧಾನ ಹೊರಬಿದ್ದದ್ದು 13ರಂದು, ಪ್ರಬಂಧ 'ಯೂರೋಸರ್ವೇಲೆನ್ಸ್' ಪತ್ರಿಕೆಯಲ್ಲಿ ಬಂದದ್ದು 23ರಂದು. 2003ರ ಸಾರ್ಸ್ ಮತ್ತು ಬಾವಲಿಗಳ ವೈರಸ್‌ಗಳನ್ನು ಒಟ್ಟಿಗೆ ಹಿಡಿಯಲು ಬರೆದ 'ಎಸ್' ಆ ಅವಸರದಲ್ಲಿ ಹಾಗೆಯೇ ಉಳಿಯಿತು. ಅದೇ ಪ್ರಬಂಧದ ಇ ಜೀನಿನ ಜೋಡಿ ಮಾತ್ರ ಹೊಸ ವೈರಸ್ಸಿಗೆ ಚೆನ್ನಾಗಿ ಹೊಂದಿತು, ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ನಡೆಯಿತು ಕೂಡ. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ವೋಗೆಲ್ಸ್ ಮತ್ತು ಇತರರು ಬೇರೆ ಬೇರೆ ದೇಶಗಳ ಪ್ರೈಮರುಗಳನ್ನು ಒಟ್ಟಿಗೆ ಒರೆಗೆ ಹಚ್ಚಿದಾಗ ಸೂಕ್ಷ್ಮತೆಯಲ್ಲಿ ಹಿಂದೆ ಬಿದ್ದದ್ದು ಈ ಆರ್‌ಡಿಆರ್‌ಪಿ ಜೋಡಿ. ಅವರು ಬೆರಳು ತೋರಿಸಿದ್ದೂ ಈ ಒಂದು ಅಕ್ಷರದ ಕಡೆಗೆ.

ಈ ಪ್ರಕರಣವನ್ನು ಒಬ್ಬರ ಕೈತಪ್ಪು ಎಂದು ಓದಿದರೆ ಕಲಿಯುವುದು ಕಡಿಮೆ. ಪ್ರೈಮರ್ ವಿನ್ಯಾಸದಲ್ಲಿ ದತ್ತಸಂಚಯಕ್ಕೆ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಯಾವುದನ್ನು ಹಿಡಿಯಬಾರದು ಎಂಬುದು ಒಂದು, ಯಾವುದನ್ನೂ ಬಿಡಬಾರದು ಎಂಬುದು ಇನ್ನೊಂದು. ಜಾಲದಲ್ಲಿ ಉಚಿತವಾಗಿ ಸಿಗುವ ಸಾಧನಗಳು ಮೊದಲನೆಯದಕ್ಕೆ ಬಲು ಚೆನ್ನಾಗಿ ಉತ್ತರ ಕೊಡುತ್ತವೆ. ಎರಡನೆಯದನ್ನು ಬಹುಮಟ್ಟಿಗೆ ನಮಗೇ ಬಿಡುತ್ತವೆ, ಬಿಟ್ಟಿದ್ದೇವೆ ಎಂದು ಹೇಳುವುದೂ ಇಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಪಿಸಿಆರ್‌ನಲ್ಲಿ ಡಿಎನ್‌ಎಯ ಎರಡು ಎಳೆಗಳನ್ನು ಕಾಯಿಸಿ ಬಿಡಿಸುತ್ತಾರೆ. ತಣಿಸಿದಾಗ ಸುಮಾರು 20 ಅಕ್ಷರಗಳ ಎರಡು ಪ್ರೈಮರುಗಳು ಗುರಿಯ ಆಚೀಚೆ ಎದುರುಬದುರಾಗಿ ಕೂರುತ್ತವೆ. ಪಾಲಿಮರೇಸ್ ಕಿಣ್ವ ಪ್ರೈಮರಿನ 3′ ತುದಿಯಿಂದ ಮುಂದಕ್ಕೆ ಎಳೆ ಹೆಣೆಯುತ್ತದೆ. ಪ್ರತಿ ಸುತ್ತಿಗೂ ಪ್ರತಿಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಕೊರೊನಾದಂಥ ಆರ್‌ಎನ್‌ಎ ವೈರಸ್ಸಾದರೆ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿಕೊಳ್ಳಬೇಕು. ಕೋವಿಡ್ ಪರೀಕ್ಷೆಗಳಲ್ಲಿ ಎರಡು ಪ್ರೈಮರುಗಳ ನಡುವೆ ಬೆಳಕು ಸೂಸುವ ಪ್ರೋಬ್ ಎಂಬ ಮೂರನೆಯ ತುಣುಕೂ ಇರುತ್ತದೆ.

ಹೆಚ್ಚಿನವರ ಕೈಗೆ ಮೊದಲು ಸಿಗುವ ಸಾಧನ ಅಮೆರಿಕದ ಎನ್‌ಸಿಬಿಐ ನಡೆಸುವ ಪ್ರೈಮರ್-ಬ್ಲಾಸ್ಟ್. ಅದರೊಳಗೆ ಎರಡು ಯಂತ್ರಗಳಿವೆ. ಪ್ರೈಮರ್3 ಎಂಬ ಹಳೆಯ ತಂತ್ರಾಂಶ ಅಭ್ಯರ್ಥಿ ಜೋಡಿಗಳನ್ನು ಹೆಕ್ಕುತ್ತದೆ. ಬಳಿಕ ಬ್ಲಾಸ್ಟ್ ಹುಡುಕಾಟವೂ ತುದಿಯಿಂದ ತುದಿಗೆ ಹೋಲಿಸುವ ಇನ್ನೊಂದು ಜೋಡಣೆಯೂ ಸೇರಿ ಆ ಜೋಡಿಗಳು ಬೇರೆಲ್ಲಿ ಕೂರಬಹುದೆಂದು ಹುಡುಕುತ್ತವೆ. ಬೇರೆ ಗುರಿಯ ಮೇಲೆ ಕನಿಷ್ಠ ಎರಡು ಅಕ್ಷರ ಹೊಂದದಿರಬೇಕು, ಆ ಎರಡೂ 3′ ತುದಿಯ ಕೊನೆಯ ಐದು ಅಕ್ಷರಗಳೊಳಗೆ ಇರಬೇಕು ಎಂಬುದು ಅದರ ಪೂರ್ವನಿಗದಿತ ಷರತ್ತು. ಮುಮ್ಮುಖ ಪ್ರೈಮರ್ ಒಂದೇ ಎರಡೂ ಬದಿ ಕೂತು ಸುಳ್ಳು ಉತ್ಪನ್ನ ಕೊಡಬಹುದೇ ಎಂದೂ ಅದು ನೋಡುತ್ತದೆ. ಕಣ್ಣಳತೆಯಲ್ಲಿ ಮನುಷ್ಯರು ತಪ್ಪಿಸಿಬಿಡುವಂಥ ಪರಿಶೀಲನೆ ಇದು.

ಅಪಾಯ ಇರುವುದು ಪೂರ್ವನಿಗದಿಗಳಲ್ಲಿ. ಪುಟ ತೆರೆದಾಗ ಹುಡುಕಬೇಕಾದ ಸಂಚಯದ ಜಾಗದಲ್ಲಿ ರೆಫ್‌ಸೀಕ್ ಎಂಆರ್‌ಎನ್‌ಎ ಎಂದೂ ಜೀವಿಯ ಜಾಗದಲ್ಲಿ ಹೋಮೋ ಸೇಪಿಯನ್ಸ್ ಎಂದೂ ಇರುತ್ತದೆ. ಮಾನವ ಜೀನುಗಳ ಮೇಲೆ ಕೆಲಸ ಮಾಡುವವರಿಗೆ ಅದು ಸರಿ. ಯಾವುದೋ ಗಿಡದ ಶಿಲೀಂಧ್ರಕ್ಕೋ ವೈರಸ್ಸಿಗೋ ಪ್ರೈಮರ್ ಬೇಕಾದ ವಿದ್ಯಾರ್ಥಿ ಅನುಕ್ರಮ ಅಂಟಿಸಿ ನೇರವಾಗಿ ಗುಂಡಿ ಒತ್ತಿದರೆ, 'ಈ ಜೋಡಿ ನಿರ್ದಿಷ್ಟವಾಗಿದೆ' ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. ಮಾನವ ಎಂಆರ್‌ಎನ್‌ಎಗಳಲ್ಲಿ ಅಡಿಕೆ ತೋಟದ ಶಿಲೀಂಧ್ರವನ್ನು ಹುಡುಕಿದರೆ ಇನ್ನೇನು ಸಿಕ್ಕೀತು? ಸಾಧನ ಸುಳ್ಳು ಹೇಳಿಲ್ಲ. ಕೇಳಿದ ಊರಿನಲ್ಲಿ ಆ ಹೆಸರಿನವರು ಇಲ್ಲ ಎಂದಿದೆ, ಅಷ್ಟೆ. ಪಕ್ಕದ ಪ್ರಭೇದಗಳ ಅನುಕ್ರಮಗಳನ್ನು ಹುಡುಕಾಟದೊಳಗೆ ತರದೆ ನಿರ್ದಿಷ್ಟತೆಯ ಮಾತು ಆಡುವಂತಿಲ್ಲ.

ಇನ್ನು ಪಠ್ಯಪುಸ್ತಕದ ನಿಯಮಗಳು. ಪ್ರೈಮರಿನ 3′ ತುದಿಯಲ್ಲಿ ಜಿ ಅಥವಾ ಸಿ ಇರಲಿ, ಒಂದೇ ಅಕ್ಷರ ಸಾಲಾಗಿ ನಾಲ್ಕು ಬಾರಿ ಬರದಿರಲಿ, ಜಿ-ಸಿ ಪ್ರಮಾಣ ಶೇ. 40ರಿಂದ 60 ಇರಲಿ, ಎರಡೂ ಪ್ರೈಮರುಗಳ ಕರಗುವ ತಾಪಮಾನ ಹತ್ತಿರ ಹತ್ತಿರ ಇರಲಿ. ಈ ಪಟ್ಟಿಯನ್ನು ಅಮೆರಿಕದ ಸಿಡಿಸಿ ಸಂಸ್ಥೆಯ ಎನ್1 ಮತ್ತು ಎನ್2 ಜೋಡಿಗಳ ಪಕ್ಕ ಇಟ್ಟು ನೋಡಿದೆ. ಸಾಂಕ್ರಾಮಿಕದ ಕಾಲದಲ್ಲಿ ಅತಿ ಹೆಚ್ಚು ಬಳಕೆಯಾದ ಪ್ರೈಮರುಗಳ ಸಾಲಿಗೆ ಇವು ಸೇರುತ್ತವೆ. ನಾಲ್ಕು ಪ್ರೈಮರುಗಳಲ್ಲಿ ಜಿ ಅಥವಾ ಸಿಯಿಂದ ಮುಗಿಯುವುದು ಎನ್1ರ ಹಿಮ್ಮುಖ ಪ್ರೈಮರ್ ಒಂದೇ. ಎನ್1ರ ಮುಮ್ಮುಖ ಪ್ರೈಮರ್ ಎಎಎಟಿ ಎಂದು, ಎನ್2ರದು ಸಿಎಎಎ ಎಂದು, ಅದರ ಜೊತೆಗಾರ ಎಜಿಎಎ ಎಂದು ಮುಗಿಯುತ್ತವೆ. ಎನ್1ರ ಮುಮ್ಮುಖ ಪ್ರೈಮರಿನೊಳಗೆ ನಾಲ್ಕು ಸಿಗಳ ಬೆನ್ನಿಗೇ ನಾಲ್ಕು ಎಗಳು ಬರುತ್ತವೆ. ಎನ್2ರ ಒಟ್ಟು ಉತ್ಪನ್ನ 29,164ರಿಂದ 29,230ರವರೆಗೆ, ಅಂದರೆ 67 ಅಕ್ಷರ. ಪ್ರೈಮರ್-ಬ್ಲಾಸ್ಟಿನಲ್ಲಿ ಉತ್ಪನ್ನದ ಕನಿಷ್ಠ ಉದ್ದ 70 ಎಂದು ನಿಗದಿಯಾಗಿರುತ್ತದೆ. ಅದನ್ನು ಬದಲಿಸದಿದ್ದರೆ ಸಾಧನ ಈ ಜೋಡಿಯನ್ನು ಮುಂದಿಡುವುದೇ ಇಲ್ಲ. ಎನ್1ರದು 72 ಅಕ್ಷರ, ಬಾಗಿಲ ಒಳಗೆ ಕಾಲಿಡುವಷ್ಟು ಮಾತ್ರ.

ಕರಗುವ ತಾಪಮಾನದ ವಿಷಯದಲ್ಲಿಯೂ ಎಚ್ಚರ ಬೇಕು. ತರಗತಿಗಳಲ್ಲಿ ಇಂದಿಗೂ ಹೇಳಿಕೊಡುವ ವ್ಯಾಲೇಸ್ ಸೂತ್ರದ ಪ್ರಕಾರ ಎ ಅಥವಾ ಟಿ ಒಂದಕ್ಕೆ ಎರಡು ಡಿಗ್ರಿ, ಜಿ ಅಥವಾ ಸಿ ಒಂದಕ್ಕೆ ನಾಲ್ಕು. ಈ ಲೆಕ್ಕದಲ್ಲಿ ಎನ್2ರ ಎರಡೂ ಪ್ರೈಮರುಗಳು ಸರಿಯಾಗಿ 56 ಡಿಗ್ರಿಗೆ ಬರುತ್ತವೆ. ಎನ್1ರಲ್ಲಿ ಮಾತ್ರ ಮುಮ್ಮುಖ 58, ಹಿಮ್ಮುಖ 70. ಹನ್ನೆರಡು ಡಿಗ್ರಿ ಅಂತರ ಕಂಡವರು ಆ ಜೋಡಿಯನ್ನು ಕೈಬಿಡುತ್ತಿದ್ದರು. ಆದರೆ ಸೂತ್ರ ಇರುವುದು ತೀರ ಚಿಕ್ಕ ತುಣುಕುಗಳಿಗೆ, 24 ಅಕ್ಷರಗಳ ಪ್ರೈಮರಿಗೆ ಅದು ಹೊಂದುವುದಿಲ್ಲ. ಅಕ್ಕಪಕ್ಕದ ಅಕ್ಷರ ಜೋಡಿಗಳ ಶಕ್ತಿಯನ್ನು ಕೂಡಿಸುವ ಸಾಂತಾಲೂಸಿಯಾ ಅವರ 1998ರ ಲೆಕ್ಕದಲ್ಲಿ ಅಂತರ ಬಹಳ ಕುಗ್ಗುತ್ತದೆ. ಲವಣದ ಪ್ರಮಾಣ, ಮೆಗ್ನೀಸಿಯಂ, ಪ್ರೈಮರಿನ ಸಾಂದ್ರತೆ ಇವುಗಳಲ್ಲಿ ಒಂದನ್ನು ಬದಲಿಸಿದರೂ ಅಂಕಿ ಬದಲಾಗುತ್ತದೆ. ಹಾಗಾಗಿ 'ಟಿಎಂ 60' ಎಂದಷ್ಟೇ ಬರೆದ ವರದಿಯಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ.

ನಿಯಮಗಳೆಲ್ಲ ವ್ಯರ್ಥ ಎಂಬ ತೀರ್ಮಾನಕ್ಕೂ ಹಾರಬಾರದು. ಸಿಡಿಸಿಯ ಮೊದಲ ಕಿಟ್‌ನಲ್ಲಿ ಎನ್3 ಎಂಬ ಮೂರನೆಯ ಗುರಿ ಇತ್ತು, ಅದನ್ನು ಬೇಗನೆ ಕೈಬಿಡಬೇಕಾಯಿತು. ಆ ಸಂಸ್ಥೆಯ ವಿಜ್ಞಾನಿಗಳೇ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಎನ್3ರ ಪ್ರೋಬ್ ಮತ್ತು ಹಿಮ್ಮುಖ ಪ್ರೈಮರ್ ಒಂದಕ್ಕೊಂದು ಅಂಟಿಕೊಂಡು, ವೈರಸ್ಸೇ ಇಲ್ಲದ ಕೊಳವೆಯಲ್ಲಿ ಸುಳ್ಳು ಸಂಕೇತ ಕೊಡುತ್ತಿದ್ದವು. ಅದೇ ಕಿಟ್ಟಿನಲ್ಲಿ ಎನ್1 ಕೂಡ ತೊಂದರೆ ಕೊಟ್ಟಿತ್ತು, ಆದರೆ ಅದಕ್ಕೆ ಕಾರಣ ವಿನ್ಯಾಸ ಅಲ್ಲ, ತಯಾರಿಕೆಯಲ್ಲಿ ಸೇರಿಕೊಂಡ ಕೃತಕ ಡಿಎನ್‌ಎ. ಒಂದೇ ಪೆಟ್ಟಿಗೆಯಲ್ಲಿ ಎರಡು ಬೇರೆ ಬಗೆಯ ಸೋಲು ಇದ್ದುದರಿಂದ ಈ ಪ್ರಕರಣ ಪಾಠಕ್ಕೆ ಒಳ್ಳೆಯದು. ಪ್ರೈಮರ್ ಪ್ರೈಮರಿಗೆ ಅಂಟುವುದನ್ನು ಸಾಧನಗಳು ಲೆಕ್ಕ ಹಾಕುತ್ತವೆ. ಪ್ರೋಬ್ ಸೇರಿದ ಮೂರೂ ತುಣುಕುಗಳನ್ನು, ಬಹುಗುರಿಯ ಪರೀಕ್ಷೆಯಾದರೆ ಕೊಳವೆಯಲ್ಲಿರುವ ಅಷ್ಟನ್ನೂ ಒಂದರ ಎದುರು ಒಂದು ಇಟ್ಟು ನೋಡುವ ಕೆಲಸ ಮಾತ್ರ ಮಾಡುವವರ ಶಿಸ್ತಿಗೆ ಸೇರಿದ್ದು.

ಈಗ ಎರಡನೆಯ ಪ್ರಶ್ನೆ, ಯಾವುದನ್ನೂ ಬಿಡಬಾರದು ಎಂಬುದು. ಸಾಧನಕ್ಕೆ ನಾವು ಕೊಡುವುದು ಒಂದು ಮಾದರಿ ಅನುಕ್ರಮ. ಕೋವಿಡ್ ವಿಷಯದಲ್ಲಿ ಅದು ಎನ್‌ಸಿ 045512.2 ಎಂಬ ಸಂಖ್ಯೆಯ 29,903 ಅಕ್ಷರಗಳ ಜೀನೋಮ್, ವುಹಾನಿನ ಒಬ್ಬ ರೋಗಿಯ ಮಾದರಿಯಿಂದ ಬಂದದ್ದು. ಸಾಧನದ ಪಾಲಿಗೆ ವೈರಸ್ ಎಂದರೆ ಆ ಒಂದು ಅನುಕ್ರಮವೇ. ಹರಡುತ್ತಾ ಬದಲಾಗುವ ವೈರಸ್ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಪ್ರೈಮರ್ ಕೂರುವ ಜಾಗದಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬದಲಾಗಿದೆ ಎಂದು ಸಂಗ್ರಹವಾದ ಜೀನೋಮುಗಳ ಜೋಡಣೆಯಲ್ಲಿ ಪ್ರತ್ಯೇಕವಾಗಿ ಎಣಿಸಬೇಕು.

ಎಣಿಸಿದ ಮೇಲೂ ಎಲ್ಲ ಬದಲಾವಣೆಗೂ ಒಂದೇ ತೂಕ ಕೊಡಬಾರದು. ಚೀನಾದ ಸಿಡಿಸಿಯ ಎನ್ ಜೀನಿನ ಮುಮ್ಮುಖ ಪ್ರೈಮರ್ ಶುರುವಾಗುವುದು 28,881ನೆಯ ಅಕ್ಷರದಿಂದ. ಬಿ.1.1 ವಂಶದಲ್ಲಿ ಸರಿಯಾಗಿ ಅಲ್ಲಿಂದಲೇ ಮೂರು ಅಕ್ಷರಗಳು ಒಟ್ಟಿಗೆ ಬದಲಾದವು, ಜಿಜಿಜಿ ಇದ್ದದ್ದು ಎಎಸಿ ಆಯಿತು. ಆಲ್ಫಾ, ಒಮಿಕ್ರಾನ್ ಎರಡೂ ಈ ವಂಶದಿಂದ ಇಳಿದವು. ಮೂರು ಅಕ್ಷರ ಹೊಂದುವುದಿಲ್ಲ ಎಂದರೆ ಗಾಬರಿಯಾಗುತ್ತದೆ. ಆದರೆ ಅವು ಪ್ರೈಮರಿನ 5′ ತುದಿಯಲ್ಲಿವೆ. ಕಿಣ್ವ ಕೆಲಸ ಆರಂಭಿಸುವುದು ಇನ್ನೊಂದು ತುದಿಯಲ್ಲಿ, ಅಲ್ಲಿ 19 ಅಕ್ಷರಗಳು ಬಿಗಿಯಾಗಿ ಕೂತಿರುತ್ತವೆ. ಇದಕ್ಕೆ ಎದುರಾಗಿ, 3′ ತುದಿಯ ಕಟ್ಟಕಡೆಯ ಒಂದೇ ಅಕ್ಷರ ಹೊಂದದಿದ್ದರೆ ಏನಾಗುತ್ತದೆ ಎಂದು ಕ್ವಾಕ್ ಮತ್ತು ಸಂಗಡಿಗರು 1990ರಲ್ಲಿ ಎಚ್‌ಐವಿ ಅನುಕ್ರಮಗಳ ಮೇಲೆ ಅಳೆದಿದ್ದಾರೆ. ಎ ಎದುರು ಜಿ, ಸಿ ಎದುರು ಸಿ ಬಂದಾಗ ಉತ್ಪನ್ನ ಸುಮಾರು ನೂರು ಪಟ್ಟು ಇಳಿಯಿತು, ಟಿ ಸೇರಿದ ಜೋಡಿಗಳಲ್ಲಿ ಹೆಚ್ಚೇನೂ ಇಳಿಯಲಿಲ್ಲ. 'ಎಷ್ಟು ಅಕ್ಷರ ಹೊಂದಿಲ್ಲ' ಎಂಬ ಒಂದೇ ಸಂಖ್ಯೆಯನ್ನು ಕೋಷ್ಟಕದಲ್ಲಿ ತುಂಬುವ ಪ್ರಬಂಧಗಳನ್ನು ಓದುವಾಗ ನನಗೆ ಬೇಸರವಾಗುವುದು ಇದಕ್ಕೇ. ಎಲ್ಲಿ, ಯಾವುದರ ಎದುರು ಯಾವುದು ಎಂಬುದಿಲ್ಲದೆ ಆ ಸಂಖ್ಯೆಗೆ ಅರ್ಥವಿಲ್ಲ.

ಪ್ರೋಬಿಗೆ ಈ ರಿಯಾಯಿತಿಯೂ ಇಲ್ಲ. ಅದು ಉದ್ದಕ್ಕೂ ಕೂರಬೇಕು, ನಡುವೆ ಒಂದು ಅಕ್ಷರ ತಪ್ಪಿದರೂ ಸಡಿಲವಾಗುತ್ತದೆ. ಇ ಜೀನಿನ 26,340ನೆಯ ಸ್ಥಾನದಲ್ಲಿ ಸಿ ಹೋಗಿ ಟಿ ಬಂದ ಮಾದರಿಗಳಲ್ಲಿ ವಾಣಿಜ್ಯ ಪರೀಕ್ಷೆಯೊಂದರ ಇ ಗುರಿ ಮೌನವಾದದ್ದನ್ನು ಆರ್ಟೆಸಿ ಮತ್ತು ಇತರರು 2020ರಲ್ಲಿ ವರದಿ ಮಾಡಿದರು. ಆ ಪರೀಕ್ಷೆಯಲ್ಲಿ ಇನ್ನೊಂದು ಗುರಿ ಇದ್ದುದರಿಂದ ರೋಗಿ ತಪ್ಪಿಹೋಗಲಿಲ್ಲ. ಆಲ್ಫಾ ತಳಿಯಲ್ಲಿ ಎಸ್ ಜೀನಿನ ಆರು ಅಕ್ಷರಗಳು, 21,765ರಿಂದ 21,770, ಅಳಿಸಿಹೋದಾಗ ಟ್ಯಾಕ್‌ಪಾತ್ ಕಿಟ್‌ನ ಮೂರು ಗುರಿಗಳಲ್ಲಿ ಎಸ್ ಮಾತ್ರ ಕಾಣೆಯಾಗುತ್ತಿತ್ತು. ಬ್ರಿಟನ್ನಿನವರು ಈ ಕೊರತೆಯನ್ನೇ ತಳಿಯ ಗುರುತಾಗಿ ಬಳಸಿಕೊಂಡರು. 2021ರ ಕೊನೆಯಲ್ಲಿ ಒಮಿಕ್ರಾನಿನ ಬಿಎ.1 ಬಂದಾಗ ಅದೇ ಗುರುತು ಮತ್ತೆ ಕೆಲಸಕ್ಕೆ ಬಂತು. ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನವು, 2021ರ ಡಿಸೆಂಬರ್ 2ರಂದು ಪ್ರಕಟವಾದವು. ಆದರೆ ಮರುತಿಂಗಳಲ್ಲಿ ದೇಶದಲ್ಲಿ ಹೆಚ್ಚಾಗಿ ಹರಡಿದ ಬಿಎ.2ರಲ್ಲಿ ಆ ಅಳಿವು ಇರಲಿಲ್ಲ. ಎಸ್ ಗುರಿ ಬೆಳಗುತ್ತಿದೆ, ಹಾಗಾಗಿ ಇದು ಒಮಿಕ್ರಾನ್ ಅಲ್ಲ ಎಂದುಕೊಳ್ಳುವುದು ತಪ್ಪಾಗುತ್ತಿತ್ತು.

ಇಲ್ಲಿಯವರೆಗೆ ದತ್ತಸಂಚಯ ಹೇಳುವುದು ನಿಜ ಎಂದು ಇಟ್ಟುಕೊಂಡೆವು. ಅದನ್ನೂ ಪರೀಕ್ಷಿಸಬೇಕು. ಸಂಚಯದಲ್ಲಿರುವ ಕೋವಿಡ್ ಜೀನೋಮುಗಳಲ್ಲಿ ಬಹುಪಾಲು ಸ್ವತಃ ಪಿಸಿಆರ್‌ನ ಮೂಲಕ ಹುಟ್ಟಿದವು. ಆರ್ಟಿಕ್ ಎಂಬ ಬಳಗದ ವಿಧಾನದಲ್ಲಿ ಸುಮಾರು 400 ಅಕ್ಷರಗಳ, ಒಂದರ ಮೇಲೊಂದು ಹಾಯುವ 98 ತುಂಡುಗಳಾಗಿ ಜೀನೋಮನ್ನು ವರ್ಧಿಸುತ್ತಾರೆ. ಯಾವುದಾದರೂ ಪ್ರೈಮರಿನ ಜಾಗದಲ್ಲಿ ವೈರಸ್ ಬದಲಾದರೆ ಆ ತುಂಡು ಬೆಳೆಯುವುದಿಲ್ಲ, ಅನುಕ್ರಮದಲ್ಲಿ ಅಲ್ಲಿ 'ಎನ್' ಎಂಬ ಖಾಲಿ ಗುರುತು ಸಾಲುಗಟ್ಟುತ್ತದೆ. ಅಂದರೆ ಬದಲಾವಣೆ ಆಗಿರುವ ಕಡೆಯೇ ಮಾಹಿತಿ ಇಲ್ಲವಾಗುತ್ತದೆ. ಡೆಲ್ಟಾ ತಳಿಯಲ್ಲಿ ಸ್ಪೈಕ್ ಪ್ರೋಟೀನಿನ 142ನೆಯ ಸ್ಥಾನ ಕೆಲವು ಜೀನೋಮುಗಳಲ್ಲಿ ಬದಲಾಗಿಯೂ ಕೆಲವುಗಳಲ್ಲಿ ಹಳೆಯ ರೂಪದಲ್ಲಿಯೂ ಕಾಣುತ್ತಿದ್ದುದನ್ನು ವಿಕಾಸದ ಆಟ ಎಂದು ತಿಳಿಯುವ ಸಾಧ್ಯತೆ ಇತ್ತು. ಆ ಬದಲಾವಣೆ ಬಿದ್ದಿದ್ದದ್ದು ಆರ್ಟಿಕ್‌ನ 72ನೆಯ ತುಂಡಿನೊಳಗೆ, ಏರುಪೇರಿಗೆ ಕಾರಣ ಆ ತುಂಡು ಬೆಳೆಯದಿದ್ದದ್ದು ಎಂದು ಸ್ಯಾಂಡರ್ಸನ್ ಮತ್ತು ಬ್ಯಾರೆಟ್ 2021ರಲ್ಲಿ ತೋರಿಸಿದರು. ಎಣಿಸುವಾಗ 'ಎನ್' ಇರುವ ಜೀನೋಮುಗಳನ್ನು 'ಬದಲಾಗಿಲ್ಲ' ಎಂಬ ಲೆಕ್ಕಕ್ಕೆ ಸೇರಿಸಿದರೆ ನಮ್ಮ ಪ್ರೈಮರ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಪ್ರಾಣಿಗಳ ಡಿಎನ್‌ಎ ಬಾರ್‌ಕೋಡಿನಲ್ಲಿ ಇದೇ ಸಮಸ್ಯೆಯ ಇನ್ನೊಂದು ಮುಖವಿದೆ. ಫೋಲ್ಮರ್ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟ ಎಲ್‌ಸಿಒ 1490, ಎಚ್‌ಸಿಒ 2198 ಜೋಡಿ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಹೆಸರಿನಲ್ಲಿರುವ ಸಂಖ್ಯೆಗಳು ಡ್ರೊಸೊಫಿಲಾ ಯಾಕುಬಾ ನೊಣದ ಮೈಟೊಕಾಂಡ್ರಿಯಾ ಜೀನೋಮಿನ ಸ್ಥಾನಗಳು. 1490ರಿಂದ 2198ರವರೆಗೆ ಎರಡೂ ತುದಿ ಸೇರಿಸಿ ಎಣಿಸಿದರೆ 709 ಅಕ್ಷರ. ಅದರಲ್ಲಿ 25 ಮತ್ತು 26 ಅಕ್ಷರಗಳ ಪ್ರೈಮರುಗಳನ್ನು ಕಳೆದರೆ 658, ಬಾರ್‌ಕೋಡಿನ ಪ್ರಸಿದ್ಧ ಉದ್ದ. ಬಾರ್‌ಕೋಡ್ ಸಂಚಯಕ್ಕೆ ಸೇರುವುದು ಈ 658 ಮಾತ್ರ. ಹೀಗಾಗಿ ಲಕ್ಷಗಟ್ಟಲೆ ಬಾರ್‌ಕೋಡುಗಳನ್ನು ಒಟ್ಟಿಗೆ ಜೋಡಿಸಿದರೂ ಪ್ರೈಮರ್ ಕೂರುವ ಜಾಗದಲ್ಲಿ ಜೀವಿಯ ನಿಜವಾದ ಅಕ್ಷರ ಏನೆಂದು ಕಾಣುವುದಿಲ್ಲ. ಯಾರಾದರೂ ಪ್ರೈಮರನ್ನು ಕತ್ತರಿಸದೆ ಸಲ್ಲಿಸಿದ್ದರೆ ಇನ್ನೂ ಕೆಡುಕು, ಅಲ್ಲಿ ಕಾಣುವುದು ಪ್ರೈಮರಿನ ಅಕ್ಷರ, ಪ್ರಾಣಿಯದಲ್ಲ. ಪೂರ್ಣ ಮೈಟೊಕಾಂಡ್ರಿಯಾ ಜೀನೋಮುಗಳ ಬಳಿಗೇ ಹೋಗಬೇಕು. ಕಪ್ಪೆಗಳಲ್ಲಿ ಈ ಪ್ರೈಮರ್ ಜಾಗಗಳು ಪ್ರಭೇದದಿಂದ ಪ್ರಭೇದಕ್ಕೆ ಬಹಳ ಬದಲಾಗುತ್ತವೆಂದು ವೆನ್ಸಸ್ ಮತ್ತು ಇತರರು 2005ರಲ್ಲಿ ಹೇಳಿದ್ದಾರೆ. ಪಶ್ಚಿಮ ಘಟ್ಟದ ಕಪ್ಪೆಗಳ ಮೇಲಿನ ಕೆಲಸದಲ್ಲಿ 16ಎಸ್ ಜೀನು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಈ ಬೆಳಕಿನಲ್ಲಿಯೂ ನೋಡಬಹುದು.

ಸಂಚಯ ಚಿಕ್ಕದಾದಷ್ಟೂ ಈ ಎಚ್ಚರ ಹೆಚ್ಚಬೇಕು. ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಪತ್ತೆಯಾದದ್ದು. ಜೀನೋಮ್ ಸುಮಾರು 11 ಸಾವಿರ ಅಕ್ಷರಗಳ ಆರ್‌ಎನ್‌ಎ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಪಿಸಿಆರ್ ಪರೀಕ್ಷೆಗಳ ಗುರಿ ಎನ್‌ಎಸ್5 ಜೀನು. ಕೋವಿಡ್ಡಿಗೆ ದಶಲಕ್ಷಗಳ ಲೆಕ್ಕದಲ್ಲಿ ಜೀನೋಮುಗಳಿದ್ದರೆ ಇದಕ್ಕೆ ಇರುವುದು ತೀರ ಕಡಿಮೆ. ಇಂಥ ಜೋಡಣೆಯಲ್ಲಿ ಒಂದು ಸ್ಥಾನ ಎಲ್ಲ ಮಾದರಿಗಳಲ್ಲೂ ಒಂದೇ ಆಗಿ ಕಂಡರೆ ಅದು ನಿಜವಾಗಿ ಸ್ಥಿರವಾಗಿದೆಯೋ, ಅಕ್ಕಪಕ್ಕದ ಊರುಗಳಿಂದ ಬಂದ ಮಾದರಿಗಳಾದ್ದರಿಂದ ಹಾಗೆ ಕಾಣುತ್ತಿದೆಯೋ ಎಂದು ಕೇಳಿಕೊಳ್ಳಬೇಕು. 2012ರ ಈಚೆಗೆ ಕಾಯಿಲೆ ತಮಿಳುನಾಡು, ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ ಕಂಡಿದೆ. ಹೀಗಿರುವಾಗ ಮಾದರಿಯ ಊರು ಮತ್ತು ವರ್ಷ ಅನುಕ್ರಮದಷ್ಟೇ ಮುಖ್ಯ, ಜೆನ್‌ಬ್ಯಾಂಕ್ ನಮೂದಿನಲ್ಲಿ ಅವು ಖಾಲಿ ಬಿಟ್ಟಿದ್ದರೆ ಆ ನಮೂದಿನ ಬೆಲೆ ಅರ್ಧ ಇಳಿದಂತೆ. ಈ ವೈರಸ್ಸಿಗೆ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮಾ ಎಂಬ ಹತ್ತಿರದ ನೆಂಟನಿದೆ. ಅದನ್ನು ಜೋಡಣೆಯಲ್ಲಿ ಸೇರಿಸಿಕೊಂಡರೆ ಎಲ್ಲಿ ಅಕ್ಷರ ಬದಲಾಗಲು ಸಾಧ್ಯ ಎಂಬ ಅಂದಾಜು ಸಿಗುತ್ತದೆ. ಆದರೆ ಆ ನೆಂಟನನ್ನೂ ಹಿಡಿಯಲೆಂದು ಪ್ರೈಮರಿನಲ್ಲಿ ಇಬ್ಬಗೆಯ ಅಕ್ಷರಗಳನ್ನು ಹಾಕತೊಡಗಿದರೆ, ಪ್ರತಿ ಅಕ್ಷರಕ್ಕೂ ಕೊಳವೆಯಲ್ಲಿ ಸರಿಯಾದ ಅಣುವಿನ ಪಾಲು ಅರ್ಧಕ್ಕೆ ಇಳಿಯುತ್ತದೆ. ಮಲೆನಾಡಿನ ರೋಗಿಯ ರಕ್ತದಲ್ಲಿ ಹುಡುಕಬೇಕಾದ್ದು ಮಲೆನಾಡಿನ ವೈರಸ್ಸನ್ನು. ಇಬ್ಬಗೆಯ ಅಕ್ಷರ ಹಾಕುವ ಮುನ್ನ, ಇದು ಯಾವ ಅನುಕ್ರಮಕ್ಕಾಗಿ, ಆ ಅನುಕ್ರಮ ಎಲ್ಲಿಯದು ಎಂದು ಹೆಸರಿಸಲು ಬರಬೇಕು.

ದಾಖಲೆಯ ಮಾತು ಒಂದು ಉಳಿದಿದೆ. ಪ್ರೈಮರ್-ಬ್ಲಾಸ್ಟಿನ ಫಲಿತಾಂಶ ಎನ್‌ಸಿಬಿಐ ಗಣಕದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ, ಕೆಲಕಾಲದಲ್ಲಿ ಅಳಿದುಹೋಗುತ್ತದೆ. ಉಲ್ಲೇಖ ಅನುಕ್ರಮದ ಸಂಖ್ಯೆಯನ್ನು ಚುಕ್ಕೆಯ ನಂತರದ ಆವೃತ್ತಿ ಅಂಕಿಯ ಸಮೇತ, ಹುಡುಕಿದ ಸಂಚಯದ ಹೆಸರು, ಹುಡುಕಿದ ದಿನಾಂಕ, ಬದಲಿಸಿದ ಪ್ರತಿ ಪೂರ್ವನಿಗದಿ, ಲವಣದ ಅಂಕಿಗಳು, ಜೋಡಣೆಯಲ್ಲಿ ಬಳಸಿದ ಜೀನೋಮುಗಳ ಪಟ್ಟಿ, ಅವುಗಳಲ್ಲಿ ಪ್ರೈಮರ್ ಜಾಗದಲ್ಲಿ 'ಎನ್' ಇದ್ದವು ಎಷ್ಟು ಎಂಬ ಲೆಕ್ಕ, ಇಷ್ಟನ್ನೂ ಪ್ರೈಮರಿನ ಅನುಕ್ರಮದ ಜೊತೆಯಲ್ಲೇ ಕಡತದಲ್ಲಿ ಇಡಬೇಕು. ಶಾರಿಟೆಯವರು 729 ಮತ್ತು 375 ಎಂಬ ಅಂಕಿಗಳನ್ನೂ ಜನವರಿ 1 ಎಂಬ ದಿನಾಂಕವನ್ನೂ ಬರೆದಿಟ್ಟಿದ್ದರಿಂದಲೇ ಆ 'ಎಸ್' ಎಲ್ಲಿಂದ ಬಂತೆಂದು ಬೇರೆಯವರು ಊಹಿಸಲು ಸಾಧ್ಯವಾಯಿತು.